ಆಪರೇಷನ್‌ಗೆ ಮುಂಚೆ ಹೇಳದೆ ಉಳಿದ ಮಾತು

ನಮ್ಮ ಬೋರ್ನ್‌ಹೋಲ್ಮ್ ದ್ವೀಪದಲ್ಲಿ ಹೊಗೆಮನೆ ಕೆಲಸದವರ ಕೆಮ್ಮನ್ನು ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ. ಹೆರಿಂಗ್ ಮೀನನ್ನು ಸಾಲಾಗಿ ತೂಗುಹಾಕಿ, ಕೆಳಗೆ ಸೌದೆಯ ಹೊಗೆ ಎಬ್ಬಿಸುತ್ತ ಆಯಸ್ಸು ಕಳೆದವರು ಕೆಮ್ಮದೆ ಇರುತ್ತಾರೆಯೇ? ಅಲ್ಲೇ ಕೆಲಸ ಮಾಡುತ್ತಿದ್ದ ಆಸ್ಗರ್ ಕೂಡ ಹಾಗೆಯೇ ಅಂದುಕೊಂಡಿದ್ದ. ಹೊಗೆಯ ಜೊತೆಗೆ ಅವನಿಗೆ ಸಿಗರೇಟೂ ಬೇಕಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಅದಕ್ಕೆ ಸಿಒಪಿಡಿ, ಅಂದರೆ ಉಸಿರಿನ ನಾಳಗಳು ಕಿರಿದಾಗುವ ಶ್ವಾಸಕೋಶದ ಕಾಯಿಲೆ ಎಂದು ಹೆಸರು ಹೇಳಿ, ಬಾಯಿಂದ ಎಳೆದುಕೊಳ್ಳುವ ಔಷಧಿ ಕೊಟ್ಟಿದ್ದರು. ಅದು ಕಪಾಟಿನಲ್ಲೇ ಉಳಿಯಿತು.

ಹಳೆಯ ಕೆಮ್ಮಿನ ಜೊತೆಗೆ ಹೊಸ ಕೆಮ್ಮೊಂದು ಸೇರಿಕೊಂಡದ್ದು ಅವನಿಗೆ ತಿಳಿಯಲಿಲ್ಲ, ಹೆಂಡತಿ ಡಾಗ್ನಿಗೂ ತಿಳಿಯಲಿಲ್ಲ. ಕಫದಲ್ಲಿ ರಕ್ತ ಕಂಡ ಮೇಲೆ ಸ್ಕ್ಯಾನ್ ಆಯಿತು. ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ. ರಾಜಧಾನಿಯ ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ತೆಗೆದರು. ಆಮೇಲೆ ನ್ಯುಮೋನಿಯಾ ಹಿಡಿಯಿತು. ಆಸ್ಗರ್ ಹಡಗಿನಲ್ಲಿ ಶವವಾಗಿ ಊರಿಗೆ ಬಂದ.

ಮಣ್ಣು ಮಾಡಿ ಬಂದವರು ಚರ್ಚಿನ ಪಕ್ಕದ ಹಾಲ್‌ನಲ್ಲಿ ಕಾಫಿಗೆ ಕೂತರು. ಆಸ್ಗರ್‌ನ ತಮ್ಮ ಎಗೋನ್ ಲೋಟವನ್ನು ಕುಕ್ಕಿದ. ಅವನೂ ಅದೇ ಹೊಗೆಮನೆಯವನು.

“ಚಾಕು ಹಾಕಿದ್ರಲ್ಲ, ಅದೇ ಅವನನ್ನ ಕೊಂದಿದ್ದು. ಎದೆ ಬಿಚ್ಚಿ ಗಾಳಿ ತಾಗಿಸಿದ್ರೆ ಕ್ಯಾನ್ಸರ್ ಮೈಯೆಲ್ಲಾ ಹರಡುತ್ತೆ.” ಮಾತು ಮುಗಿಯುವ ಮೊದಲೇ ಕೆಮ್ಮು ಒತ್ತರಿಸಿಕೊಂಡು ಬಂತು.

ಶ್ವಾಸಕೋಶದ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದ ಬೋಡಿಲ್ ಎದುರಿಗೇ ಇದ್ದಳು. “ಗಾಳಿ ತಾಗಿದ್ರೆ ಕ್ಯಾನ್ಸರ್ ಹರಡಲ್ಲ ಎಗೋನ್. ನಿಂದೂ ಅವನ ಥರದ್ದೇ ಕೆಮ್ಮು. ಒಂದು ಸ್ಕ್ಯಾನ್ ಮಾಡಿಸ್ಕೋ.”

“ಯಾಕೆ, ಒಂದೇ ಮನೆಯಿಂದ ಇಬ್ಬರನ್ನ ಕಳಿಸಿದ್ರೆ ನಿಂಗೆ ಸಮಾಧಾನಾನಾ? ಪೆನ್ಷನ್ ಬಂದ್ರೂ ಈ ನರ್ಸಮ್ಮನ ಉಪದೇಶ ಮಾತ್ರ ನಿಲ್ಲಲ್ಲ ನೋಡ್ರಪ್ಪ!”

ಒಂದಿಬ್ಬರು ನಕ್ಕರು. ಪಕ್ಕದ ಅಡುಗೆಕೋಣೆಯಲ್ಲಿ ಕಾಫಿ ಬಗ್ಗಿಸುತ್ತಿದ್ದ ಡಾಗ್ನಿಯ ಕೈ ನಿಂತಿತು. ಅವಳೊಬ್ಬಳಿಗೇ ಗೊತ್ತಿದ್ದ ಸಂಗತಿಯೊಂದಿತ್ತು.

ಆಪರೇಷನ್‌ಗೆ ಮುಂಚೆ ಡಾಕ್ಟರು ಆಸ್ಗರ್‌ನಿಗೆ ಬಿಡಿಸಿ ಹೇಳಿದ್ದರು. ಸಿಒಪಿಡಿಯಿಂದ ಶ್ವಾಸಕೋಶ ಮೊದಲೇ ಸೋತಿದೆ, ಇಂಥವರಿಗೆ ಆಪರೇಷನ್ ಆದ ಮೇಲೆ ತೊಂದರೆ ಹೆಚ್ಚು, ಸಿಗರೇಟು ಬಿಟ್ಟು ಔಷಧಿ ತೆಗೆದುಕೊಂಡು ದಿನಾ ನಡೆದರೆ ಅಪಾಯ ತಗ್ಗುತ್ತದೆ ಎಂದಿದ್ದರು. ಆಸ್ಗರ್ ತಲೆಯಾಡಿಸಿದ್ದ. ಬಿಟ್ಟಿದ್ದೇನೆ ಎಂದೂ ಹೇಳಿದ್ದ. ನ್ಯುಮೋನಿಯಾ ಹಿಡಿದು ಮಲಗಿದ್ದಾಗ ಆಮ್ಲಜನಕದ ಮಾಸ್ಕ್ ಸರಿಸಿ, ಹೆಂಡತಿಯ ಹತ್ತಿರ ಬೇರೆಯೇ ಮಾತಾಡಿದ.

“ಬಿಟ್ಟಿರಲಿಲ್ಲ ಡಾಗ್ನಿ. ಹೊಗೆಮನೆ ಒಳಗೆ ಸೇದ್ತಿದ್ದೆ. ಅಲ್ಲಾದ್ರೆ ನಿಂಗೆ ವಾಸನೆ ಗೊತ್ತಾಗಲ್ಲ ಅಂತ.”

“ಡಾಕ್ಟರಿಗಾದ್ರೂ ಹೇಳಬಾರದಿತ್ತಾ?”

“ಪಕ್ಕದಲ್ಲಿ ನೀನೇ ಕೂತಿದ್ಯಲ್ಲ. ನಾಚಿಕೆ ಆಯ್ತು.”

ಇದನ್ನು ಹೇಳಿದರೆ ಸತ್ತ ಗಂಡ ಊರವರ ಬಾಯಿಗೆ ಬೀಳುತ್ತಾನೆ. ಹೇಳದಿದ್ದರೆ ಎಗೋನ್ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಡಾಗ್ನಿ ಕಾಫಿ ಜಗ್ಗು ಹಿಡಿದುಕೊಂಡೇ ಹೊರಗೆ ಬಂದು, ಎಲ್ಲರೆದುರು ಎಲ್ಲವನ್ನೂ ಹೇಳಿಬಿಟ್ಟಳು.

ಎಗೋನ್‌ನ ಮುಖ ಕೆಂಪಾಯಿತು. “ಸತ್ತವನ ಮೇಲೆ ತಪ್ಪು ಹೊರಿಸ್ತೀಯಾ ಅತ್ತಿಗೆ?”

“ಅವನ ಮೇಲೆ ಹೊರಿಸ್ತಿಲ್ಲ ಕಣೋ. ಬದುಕಿರೋ ನಿನಗೆ ಹೇಳ್ತಿದೀನಿ.”

ಅವನು ಕೋಟು ಎತ್ತಿಕೊಂಡು ಹೊರಟುಹೋದ. ಅವಳ ಜೊತೆ ಮಾತು ಬಿಟ್ಟ. ಹಿಮ ಬೀಳುವ ಹೊತ್ತಿಗೆ ಅವನ ಉಸಿರು ಇನ್ನಷ್ಟು ಕಟ್ಟಿತು. ಒಂದು ಬೆಳಿಗ್ಗೆ ಡಾಗ್ನಿಯ ಬಾಗಿಲಿಗೆ ಬಂದು, “ಆ ನರ್ಸಮ್ಮನ್ನ ಕರಿ,” ಎಂದ.

ಸ್ಕ್ಯಾನ್ ಮಾಡಿಸಿದಾಗ ಅವನಿಗೂ ಗಡ್ಡೆ ಇತ್ತು. ಇನ್ನೂ ಚಿಕ್ಕದು. ಡಾಕ್ಟರು ಸಿಗರೇಟಿನ ವಿಷಯ ಕೇಳಿದಾಗ ಎಗೋನ್ ಜೊತೆಗೆ ಬಂದಿದ್ದ ಅತ್ತಿಗೆಯ ಕಡೆ ಒಮ್ಮೆ ನೋಡಿ, “ಇವತ್ತು ಬೆಳಿಗ್ಗೆನೂ ಸೇದಿದೀನಿ,” ಎಂದ. ಡಾಕ್ಟರು ಬಯ್ಯಲಿಲ್ಲ. ಸಿಗರೇಟು ಬಿಡಲು ಔಷಧಿ ಕೊಟ್ಟರು. ಯಂತ್ರವೊಂದಕ್ಕೆ ಊದಿಸಿ ಉಸಿರಿನ ಬಲ ಅಳೆದರು. ತಯಾರಾಗಲು ಕೆಲವು ವಾರ ಸಮಯ ಕೊಟ್ಟು, ಆದಷ್ಟು ಚಿಕ್ಕ ಭಾಗವನ್ನೇ ತೆಗೆಯುತ್ತೇವೆ ಎಂದರು.

“ಗ್ಯಾರಂಟಿ ಏನು?” ಎಗೋನ್ ಕೇಳಿದ.

“ಗ್ಯಾರಂಟಿ ಇಲ್ಲ. ಅಪಾಯ ಕಡಿಮೆ ಮಾಡಬಹುದು, ಪೂರ್ತಿ ಇಲ್ಲದಂತೆ ಮಾಡೋಕಾಗಲ್ಲ. ನಿಮ್ಮ ಶ್ವಾಸಕೋಶ ಆಪರೇಷನ್ ತಡೆಯಲ್ಲ ಅನ್ನಿಸಿದ್ರೆ ವಿಕಿರಣ ಚಿಕಿತ್ಸೆ ಇದೆ.”

ಡಾಗ್ನಿ ಅವನನ್ನು ದಿನಾ ಬಂದರಿನವರೆಗೆ ನಡೆಸಿದಳು. “ಅಣ್ಣನ್ನ ಕಾಡಿದ್ದು ಸಾಲದಾ?” ಎಂದು ಅವನು ರೇಗುತ್ತಿದ್ದ. ಅವಳು ಕಣ್ಣೊರೆಸಿಕೊಂಡು ಮುಂದೆ ನಡೆಯುತ್ತಿದ್ದಳು.

ಆಪರೇಷನ್ ಸುಲಭವಾಗಿ ಮುಗಿಯಲಿಲ್ಲ. ಶ್ವಾಸಕೋಶದಿಂದ ಗಾಳಿ ಸೋರಿ, ಎದೆಗೆ ಹಾಕಿದ ನಳಿಕೆಯೊಂದಿಗೆ ಅವನು ಬಹಳ ದಿನ ಮಲಗಿದ್ದ. ಆದರೂ ಮನೆಗೆ ಬಂದ. ಇನ್ನು ಹೊಗೆಮನೆ ಕೆಲಸ ಆಗುವುದಿಲ್ಲ. ಗುಡ್ಡದ ದಾರಿಯಲ್ಲಿ ಎರಡು ಕಡೆ ಕೂರಬೇಕು.

ಒಂದು ಮಧ್ಯಾಹ್ನ ಹಾಗೆ ಕೂತಾಗ ಕೇಳಿದ: “ಅಣ್ಣ ನಿಜ ಹೇಳಿದ್ರೆ ಉಳೀತಿದ್ನಾ ಅತ್ತಿಗೆ?”

“ಗೊತ್ತಿಲ್ಲ ಎಗೋನ್. ನಾನು ಬಯ್ತೀನಿ ಅನ್ನೋ ಹೆದರಿಕೆ ಅವನಿಗೆ ಇರದೇ ಇದ್ದಿದ್ರೆ ಹೇಳ್ತಿದ್ನೋ ಏನೋ.”

ಓದುತ್ತಿರುವ, ಕೇಳುತ್ತಿರುವ ಬಂಧುಗಳೇ, ಹಳೆಯ ಕೆಮ್ಮು ತಾನೇ ಎಂದು ಸುಮ್ಮನಿರಬೇಡಿ. ಕೆಮ್ಮಿನ ರೀತಿ ಬದಲಾದರೆ, ಕಫದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ತೋರಿಸಿ. ಸಿಒಪಿಡಿ ಇದೆ ಎಂದ ಮಾತ್ರಕ್ಕೆ ಚಿಕಿತ್ಸೆಯ ಬಾಗಿಲು ಮುಚ್ಚಿಲ್ಲ. ಆಪರೇಷನ್‌ಗೆ ಮುಂಚೆ ಸಿಗರೇಟು ಬಿಡಿ, ಔಷಧಿಯನ್ನು ತಪ್ಪದೆ ತೆಗೆದುಕೊಳ್ಳಿ, ಡಾಕ್ಟರು ಹೇಳಿದಷ್ಟು ನಡೆಯಿರಿ. ಬಿಡಲು ಆಗದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಸಹಾಯವಿದೆ. ಇನ್ನು ಮನೆಯವರಿಗೊಂದು ಮಾತು: ನಿಮ್ಮವರು ಸೋತು ಸೇದಿದ ದಿನ ಅವರನ್ನು ಹಂಗಿಸಬೇಡಿ. ನಿಜ ಹೇಳಲು ಅವರಿಗೆ ನಿಮ್ಮ ಪಕ್ಕದಲ್ಲೇ ಜಾಗ ಕೊಡಿ.