ಮುಟ್ಟಿ ಕಲಿಸುವ ಮಾಸ್ತರ

“ಹೊಸ್ತಿಲಾ ದಾಟಿದ್ಯೋ, ಕಾಲ ಮುರೀತೇನಿ! ನಾಕ ಅಕ್ಷರಾ ಕಲ್ತ ಕೂಡ್ಲೆ ಕೊಳ್ಳಾಗ ಲಿಂಗ ಬಂತೇನಲೇ, ಹೊಲ್ಯಾ ಸುಳಿಮಗನ?”

ಗಿರಮಲ್ಲಪ್ಪಗೌಡ ಬೈಯುತ್ತಿದ್ದುದು ಸಾಲಿ ಕಟ್ಟೆಯ ಮೇಲೆ ನಿಂತು, ಮಕ್ಕಳ ಎದುರಿಗೇ. ಬೈಸಿಕೊಂಡವನು ಜಕ್ಕಪ್ಪ ಮಾಸ್ತರ. ಸಾವಳಗಿ ಕಡೆಯ ಆ ಊರಿನ ಹೊಲಗೇರಿಯಲ್ಲೇ ಹುಟ್ಟಿ, ಮುಲ್ಕಿ ಪರೀಕ್ಷೆ ಪಾಸಾಗಿ, ಸಂಸ್ಥಾನದ ಮೊಹರಿನ ನೇಮಕದ ಹುಕುಂ ಹಿಡಿದು ಬಂದವನು. ಮೊಹರಿಗೆ ಹೆದರಿ ಗೌಡ ಅವನನ್ನು ಊರಿಂದ ಓಡಿಸಲಿಲ್ಲ, ಹೊರಗೆ ನಿಲ್ಲಿಸಿದ. ಮಕ್ಕಳು ಒಳಗೆ, ಮಾಸ್ತರ ಕಿಟಕಿಯಾಚೆ ಬಿಸಿಲಲ್ಲಿ.

ಒಂದು ತಿಂಗಳು ಜಕ್ಕಪ್ಪ ಹಾಡಿ ಕಲಿಸಿದ, ಕುಣಿದು ಕಲಿಸಿದ, ಕೋಲಿನಿಂದ ಗಾಳಿಯಲ್ಲೇ ಬರೆದು ತೋರಿಸಿದ. ಮಕ್ಕಳು ನಗುನಗುತ್ತ ಮಗ್ಗಿ ಕಲಿತವು. ಆದರೆ ಗೌಡನ ಮೊಮ್ಮಗಳು, ಆರು ವರ್ಷದ ಶಿವಗಂಗಿ ‘ಅ’ ಬರೆದರೆ ಅದು ಹೊಟ್ಟೆನೋವು ಬಂದ ಚೇಳಿನ ಹಾಗೆ ಮುದುರಿಕೊಳ್ಳುತ್ತಿತ್ತು. ಒಂದು ದಿನ ಹುಡುಗಿ ಪಾಟಿ ಎಸೆದು ಬಿಕ್ಕಿ ಬಿಕ್ಕಿ ಅತ್ತಳು. ಜಕ್ಕಪ್ಪನ ಕೈ ತಾನಾಗಿಯೇ ಕಿಟಕಿಯೊಳಗೆ ಚಾಚಿಕೊಂಡಿತು. ಹುಡುಗಿ ಬೆಚ್ಚಿ ಹಿಂದೆ ಸರಿದಳು.

“ಮುಟ್ಟಬ್ಯಾಡ್ರಿ! ಅಜ್ಜಾ ಬಡೀತಾನ!”

ಮಧ್ಯಾಹ್ನ ಮನೆಯಲ್ಲಿ ರೊಟ್ಟಿ ಮುಂದಿಟ್ಟುಕೊಂಡು ಅವನು ಅದನ್ನೇ ನೋಡುತ್ತ ಕುಳಿತ.

“ಯಾಕ್ರೀ, ರೊಟ್ಟಿಗೂ ಮಗ್ಗಿ ಕಲಿಸಾಕತ್ತೀರೇನ?” ಎಂದಳು ಹೆಂಡತಿ ದುರಗವ್ವ.

“ಗೌಡ ಬೈದ್ರ ಬೈಲಿ. ಕೂಸು ನನ್ನ ಕೈಗೆ ಹೆದರಿತಲ್ಲ. ಕೈ ಹಿಡಿದು ತಿದ್ದಸಾಕ ಆಗಲಿಲ್ಲಂದ್ರ ನಾ ಎಂಥಾ ಮಾಸ್ತರ?”

“ಹಂಗಾರ ಹಿಡೀರಿ. ಆ ಕೂಸು ಹುಟ್ಟೂಮುಂದ ಸೂಲಗಿತ್ತಿ ಯಾರು? ನಮ್ಮವ್ವ! ಅವತ್ತ ಎಲ್ಲಿ ಹೋಗಿತ್ತ ಗೌಡನ ಮಡಿ?”

ಜಕ್ಕಪ್ಪನಿಗೆ ನಗು ಬಂತು. ಎರಡು ರೊಟ್ಟಿ ತಿಂದ. ಇನ್ನೊಂದು ಕೇಳಿದ.

ಮರಳಿ ಬಂದವನು ಕಿಟಕಿಗೆ ಹೋಗಲಿಲ್ಲ. ನೆಟ್ಟಗೆ ಬಾಗಿಲಿನಿಂದ ಒಳಗೆ ನಡೆದು ಶಿವಗಂಗಿಯ ಪಕ್ಕ ಕುಳಿತ.

“ನೀ ಹುಟ್ಟಿದಾಗ ನಿನ್ನ ಮೊದಲ ಎತ್ತಿಕೊಂಡಾಕಿ ನಮ್ಮತ್ತಿ. ನಾ ಕೈ ಹಿಡೀಲೇನವಾ?”

ಹುಡುಗಿ ಅಜ್ಜ ಬಂದನೇನೋ ಎಂದು ಬಾಗಿಲ ಕಡೆ ನೋಡಿದಳು. ಬಳಪ ಹಿಡಿದ ಕೈ ಮುಂದೆ ಚಾಚಿದಳು. ಎರಡು ಸಲ ಅವನು ತಿದ್ದಿಸಿದ, ಮೂರನೆಯ ಸಲ ಅವಳು ತಾನೇ ಬರೆದು “ಬಂತರೀ!” ಎಂದು ಕಿರುಚಿದಳು. ಉಳಿದವರೂ “ನನ್ನ ಕೈನೂ ಹಿಡೀರಿ” ಎಂದು ಮುತ್ತಿಕೊಂಡರು.

ಸುದ್ದಿ ತಿಳಿದು ಗೌಡ ಓಡಿಬಂದ. “ಸಾಲಿ ಹೊಲಗೆಡಿಸಿದ್ಯಲ್ಲಲೇ ಭಾಡ್ಯಾ! ನಿನ್ನ ಗುಡಸಲಕ್ಕ ಬೆಂಕಿ ಹಚ್ಚತೇನಿ! ಏ, ಯಾರಲ್ಲಿ, ತೊಳೀರಿ ಇದನ್ನ!”

“ತೊಳೀರಿ. ಆದ್ರ ನಮ್ಮ ಕೇರಿಯವರು ನಿಮ್ಮ ಬಾವಿ ಮುಟ್ಟಂಗಿಲ್ಲ. ನೀರು ತರಾವರು ಯಾರ್ರಿ?”

ಮೊಹರು ನೆನಪಾಗಿ ಗೌಡ ಬೆಂಕಿ ಹಚ್ಚಿಸಲಿಲ್ಲ; ಅವನ ಇಬ್ಬರು ಗಂಡುಮಕ್ಕಳೇ ನೀರು ಹೊತ್ತು ಸಾಲಿ ತೊಳೆದರು. ಮರುದಿನ ಜಕ್ಕಪ್ಪ ಮತ್ತೆ ಒಳಗೆ ಹೋದ, ಮತ್ತೆ ಕೈ ಹಿಡಿದ, ಮತ್ತೆ ತೊಳೆಯಬೇಕಾಯಿತು. ಗೌಡ ಮನೆಯಲ್ಲಿ ಕೂಡಿಹಾಕಿದ್ದ ಶಿವಗಂಗಿ ಉಣ್ಣದೆ ಹಟ ಹಿಡಿದು ಸಾಲಿಗೆ ಬಂದೇ ಬಂದಳು. ಮೂರನೆಯ ದಿನ ಗೌಡನ ಮಕ್ಕಳು ಸೊಂಟ ಹಿಡಿದುಕೊಂಡು ಮಲಗಿದರು. ಓಣಿಯವರು “ಹೊಲದಾಗ ಕೆಲಸ ಐತ್ರಿ” ಎಂದು ಜಾರಿಕೊಂಡರು.

ನಾಲ್ಕನೆಯ ದಿನ ಗೌಡ ತಾನೇ ತಾಮ್ರದ ಕೊಡ ತಲೆಯ ಮೇಲೆ ಹೊತ್ತು ಬಂದ. ಕೇರಿಯ ಹೆಂಗಸರು ಬೇವಿನ ಗಿಡದ ಕೆಳಗೆ ಸಾಲಾಗಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡರು. ಒಳಗೆ ಕುಳಿತಿದ್ದ ಜಕ್ಕಪ್ಪ ಮೇಲೇಳಲಿಲ್ಲ. ದೊಡ್ಡ ಮಕ್ಕಳ ಕಡೆ ತಿರುಗಿದ.

“ಬರಕೋರಿ. ಗೌಡರು... ನೀರು... ತಂದರು.”

ಪಾಟಿಗಳ ಮೇಲೆ ಬಳಪಗಳು ಕರಕರ ಎಂದವು. ಗೌಡ ಹೊಸ್ತಿಲ ಮೇಲೆ ನಿಂತೇ ಇದ್ದ. ತುಳುಕಿದ ನೀರು ಅವನ ರುಮಾಲು ತೋಯಿಸಿ ಬೆನ್ನಿಗಿಳಿಯುತ್ತಿತ್ತು.