ಹೇಮಾವತಿಯವರ ಚಿಲಕ

ಮನೆಗೆ ಬಂದವರಿಗೆ ಕುಡಿಯಲು ನೀರು ಕೊಡುವ ಮೊದಲು ಕೈಗೆ ಸೋಪು ಕೊಡುವ ಹೆಂಗಸನ್ನು ಚಿತ್ರದುರ್ಗ ಅದುವರೆಗೆ ಕಂಡಿರಲಿಲ್ಲ. ನನ್ನ ಸಹೋದ್ಯೋಗಿ, ನಮ್ಮ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ ಹೇಮಾವತಿ, ಎಡಗೈಯಲ್ಲಿ ಸೀರೆಯ ನೆರಿಗೆ ಹಿಡಿದು, ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಂತೆ ಸದ್ದಿಲ್ಲದೆ ನಡೆದುಬಂದು, "ಮೊದ್ಲು ಕೈ ತೊಳ್ಕಳ್ರಿ, ಆಮೇಲೆ ಮಾತು" ಎಂದು ನಲ್ಲಿ ತೋರಿಸುತ್ತಿದ್ದರು. ಊರು ಅದನ್ನು ಜಂಬ ಎಂದಿತು.

ಜಂಬವಂತೆ! ಆ ಜೀವವನ್ನು ಹಿಡಿದಿಟ್ಟಿದ್ದೇ ಆ ಸೋಪು. 2003ರಲ್ಲಿ ಅವರ ಎರಡೂ ಮೂತ್ರಪಿಂಡಗಳು ಸೋತಿದ್ದವು. ಹೊಟ್ಟೆಗೆ ಸಣ್ಣ ಕೊಳವೆಯೊಂದನ್ನು ಕೂರಿಸಿ, ಸಕ್ಕರೆ ಬೆರೆತ ದ್ರವವನ್ನು ಒಳಗೆ ಬಿಟ್ಟು, ಕರುಳಿಗೆ ಹೊದಿಸಿದಂತಿರುವ ತೆಳುಪೊರೆಯ ಮೂಲಕವೇ ರಕ್ತದ ಕಶ್ಮಲವನ್ನೂ ಹೆಚ್ಚಿನ ನೀರನ್ನೂ ಸೆಳೆದು ಹೊರಹಾಕುವ ಡಯಾಲಿಸಿಸ್ ಅವರದು. ತಾವೇ ಮಾಡಿಕೊಳ್ಳಬಹುದಾಗಿದ್ದರಿಂದ ಪಾಠ ತಪ್ಪುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದೂ ಅಷ್ಟೇ. ಮಧ್ಯಾಹ್ನದ ದ್ರವದ ಚೀಲವನ್ನು ಪ್ರಯೋಗಾಲಯದ ಪಕ್ಕದ ಕೋಣೆಯಲ್ಲಿ, ಭೂಪಟದ ಮೊಳೆಗೆ ನೇತುಹಾಕಿ ಬದಲಿಸಿ, ಗಂಟೆ ಹೊಡೆಯುವಷ್ಟರಲ್ಲಿ ತರಗತಿಯಲ್ಲಿರುತ್ತಿದ್ದರು. ಧೂಳಿನೊಡನೆ ಸೋಂಕು ಕೊಳವೆಗಿಳಿಯದಂತೆ, ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಚೀಲ ಬದಲಿಸುವಾಗ ಬಾಗಿಲಿಗೆ ಚಿಲಕ, ಫ್ಯಾನೂ ತಿರುಗುವಂತಿರಲಿಲ್ಲ.

ಆ ಚಿಲಕ ತೆಗೆಸಿದ್ದು ನಮ್ಮ ಹಾಳು ದಾಕ್ಷಿಣ್ಯ. ಒಂದು ಭಾನುವಾರ ಗಂಡ ಪ್ರಸನ್ನಕುಮಾರರ ಸೋದರಮಾವ ಮೂರ್ತಪ್ಪನವರು ಮತ್ತೋಡಿನಿಂದ ಮನೆಗೆ ಬಂದರು. ಹೇಮಾವತಿ ಚೀಲ ಬದಲಿಸುತ್ತಿದ್ದ ಕೋಣೆಯ ಬಾಗಿಲು ಮುಚ್ಚಿದ್ದು ಕಂಡು, "ಏನಪ್ಪ ಪ್ರಸನ್ನ, ನಾನೇನ್ ಮುಟ್ಟಬಾರದೋನಾ? ಬಸ್ ಐತೆ, ಹೋಗ್ತೀನಿ" ಎಂದು ಟವೆಲ್ಲು ಕೊಡವಿದರು. "ಮಾವ, ಒಂದರ್ಧ ಗಂಟೆ ಕುಂತ್ಕಳ್ರಿ, ಕೈಮುಗಿತೀನಿ" ಎಂದು ಹೇಮಾವತಿ ಒಳಗಿನಿಂದ ಕೂಗುತ್ತಿದ್ದಂತೆಯೇ, ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದ ಪ್ರಸನ್ನಕುಮಾರರು ಹೋಗಿ ಚಿಲಕ ತೆಗೆದರು. ಹಿರಿಯರು ಬಸ್ಸಿನ ಧೂಳಿನ ಕೈಯಲ್ಲೇ, ಬೇಡ ಬೇಡವೆಂದರೂ ಕೇಳದೆ, ಇನ್ನೂ ಮುಚ್ಚಳ ಹಾಕದ ಕೊಳವೆಯನ್ನು ಸರಿಸಿ, ಹೊಟ್ಟೆಗೆ ಮಠದ ವಿಭೂತಿ ಹಚ್ಚಿ ಹರಸಿದರು.

ಮೂರನೆಯ ದಿನ ಹೊರಬಂದ ದ್ರವ ಅಕ್ಕಚ್ಚಿನಂತೆ ಕದಡಿತ್ತು. ಸೋಂಕಿಗೆ ಕೆರಳಿದ ಪೊರೆಯಲ್ಲಿ ನೈಟ್ರಿಕ್ ಆಕ್ಸೈಡ್ ಮಿತಿಮೀರಿ ಹುಟ್ಟುತ್ತದೆ, ರಕ್ತನಾಳಗಳು ಹಿಗ್ಗುತ್ತವೆ, ನೀರನ್ನು ಸೆಳೆಯಬೇಕಾದ ಸಕ್ಕರೆಯೇ ಬೇಗನೆ ರಕ್ತಕ್ಕಿಳಿದು ನೀರು ಮೈಯಲ್ಲಿ ಉಳಿಯುತ್ತದೆ, ಪ್ರೋಟೀನ್ ಮಾತ್ರ ಸೋರಿಹೋಗುತ್ತದೆ ಎಂದು ವೈದ್ಯರು ವಿವರಿಸಿದರಂತೆ. ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಹೇಮಾವತಿ ನನಗೆ ಹೇಳಿದರು: "ತಾಮ್ರದ ಚೂರಿಗೆ ನೈಟ್ರಿಕ್ ಆಮ್ಲ ಹಾಕಿ ಹುಡುಗರಿಗೆ ಇದೇ ಗ್ಯಾಸ್ ತೋರಿಸ್ತಿದ್ದೆ ಕಣ್ರಿ. ಕಿಟಕಿ ತೆಗೀರೋ ಅಂತಿದ್ದೆ. ಈಗ ನನ್ನ ಹೊಟ್ಟೇಲೇ ಐತೆ, ಯಾವ ಕಿಟಕಿ ತೆಗೀಲಿ?"

ಸೋಂಕು ಇಳಿದು ಮತ್ತೆ ಮರುಕಳಿಸಿತು, ಪೊರೆ ಚೇತರಿಸಿಕೊಳ್ಳಲಿಲ್ಲ. ಪಾಠ ನಿಂತಿತು. ದಿನ ಬಿಟ್ಟು ದಿನ ಪರ ಊರಿನ ಆಸ್ಪತ್ರೆಯ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ಬರುತ್ತಿದ್ದವರು ಮರುವರ್ಷ ತೀರಿಕೊಂಡರು.

ಅಂದು ಬಾಗಿಲು ಹಾರುಹೊಡೆದಿತ್ತು. ಯಾರೂ ಕೈ ತೊಳೆಯಲಿಲ್ಲ. ನಲ್ಲಿಯ ಬಳಿ ಸೋಪು ಒಣಗಿ ಬಿರುಕುಬಿಟ್ಟಿತ್ತು. "ಕಣ್ತುಂಬ ನೋಡಾಕೂ ಬಿಡ್ಲಿಲ್ಲ ಮಹಾತಾಯಿ" ಎಂದು ಮೂರ್ತಪ್ಪನವರು ಗೋಳಾಡಿದರು, ಸುತ್ತಲಿನವರು ತಲೆಯಾಡಿಸಿದರು. ನನ್ನ ಮೈಯೆಲ್ಲ ಉರಿಯಿತು. ತಮ್ಮ ಜೀವವನ್ನು ತಾವೇ ಕಾಯ್ದುಕೊಳ್ಳುವ ಶಿಸ್ತಿನವರು ನಮ್ಮಲ್ಲಿ ವಿರಳ. ಅಂಥವರನ್ನು ಜಂಬದವರೆಂದು ಹೀಗಳೆದು, ನಮ್ಮ ಪ್ರೀತಿಯನ್ನು ತೊಳೆಯದ ಕೈಯಲ್ಲೇ ಅವರ ಮೈಮೇಲೆ ಹೇರಿ, ಅವರು ಹೋದ ದಿನ, ಕೊನೆಗೂ ಬಾಗಿಲು ತೆರೆಯಿತೆಂದು ನಾವು ಒಳನುಗ್ಗುತ್ತೇವೆ.