ಓಶ್‌ನಿಂದ ಬಿಷ್ಕೆಕ್‌ಗೆ ಒಂದು ತೊಟ್ಟಿಲು

ಕಿಟಕಿಯಾಚೆ ಒಂದು ತುಂಡು ಮೋಡ, ತೊಳೆಯದ ಕುರಿಯುಣ್ಣೆಯ ಹಾಗೆ, ರೆಕ್ಕೆಗೆ ಸಿಕ್ಕಿಕೊಂಡು ಬಿಟ್ಟುಹೋಯಿತು — ಇಷ್ಟೇನಾ ಹಾರುವುದೆಂದರೆ, ಓಶ್ ಬಿಟ್ಟು ಬಾಯಲ್ಲಿ ಚಹಾದ ರುಚಿ ಆರಿಲ್ಲ, ಆಗಲೇ ಕೆಳಗೆ ಬರೀ ಬಿಳಿ ಬೆಟ್ಟ, ಬಿಷ್ಕೆಕ್ ಮುಕ್ಕಾಲು ಗಂಟೆಯ ದಾರಿ ಅಮ್ಮಾ ಎಂದಿದ್ದಳು ಅಲ್ಲಿಂದ ಫೋನಿನಲ್ಲಿ ಮಗಳು ಪೆರಿಜಾತ್, ಅಷ್ಟರಲ್ಲಿ ನಾನು ಕುದುರೆಗಳ ಹಾಲು ಕರೆದು ಸೋಸಿ ಚರ್ಮದ ಚೀಲಕ್ಕೆ ಸುರಿದಿರುತ್ತೇನೆ, ಅಷ್ಟೇ, ರಸ್ತೆಯಲ್ಲಾದರೆ ಬೆಳಗಿನಿಂದ ಕತ್ತಲಾಗುವವರೆಗೆ ಏರು, ತಿರುವು, ಗುಂಡಿ, ನಮ್ಮ ಮುದುಕ ನಿನ್ನೆಯೇ ತೊಟ್ಟಿಲ ಹಬ್ಬದ ಕುರಿಯನ್ನು ಕಾರಿನಲ್ಲಿ ತುಂಬಿಕೊಂಡು ಹೊರಟ, ಲೇ ಮುದುಕಿ, ತೊಟ್ಟಿಲೂ ಇಲ್ಲೇ ಇಡೇ, ಕುರಿ ಸ್ವಲ್ಪ ಸರಿದು ಕೂತ್ಕೊಳ್ಳುತ್ತೆ, ನಾನು ಬಿಡಲಿಲ್ಲ, ಮೊದಲ ಮೊಮ್ಮಗನ ತೊಟ್ಟಿಲು, ಬಾಗಿದ ಕಾಲಿನ ಮರದ್ದು, ತಾಯಿಯ ತವರಿನಿಂದಲೇ ಹೋಗಬೇಕಾದದ್ದು, ಖಾಲಿ ತೊಟ್ಟಿಲು ತೂಗಬಾರದು, ತೂಗಿದರೆ ಕೂಸಿಗೆ ಆಗಿಬರುವುದಿಲ್ಲ, ಆ ತಿರುವುಗಳಲ್ಲಿ ದಿನವಿಡೀ ತೂಗ್ತಾನೇ ಇರುತ್ತೆ ಮಾರಾಯ, ಆಕಾಶದಲ್ಲಿ ಗುಂಡಿ ಇಲ್ಲ ಎಂದೆ, ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ, ಎಷ್ಟು ಬುದ್ಧಿವಂತೆ ನಾನು — ಧಡ್, ಇದೇನಿದು, ಸೀಟು ಕುಸಿದ ಹಾಗೆ, ವಿಮಾನ ಎಡಕ್ಕೆ, ಮತ್ತೆ ಬಲಕ್ಕೆ, ಪಕ್ಕದ ಸೀಟಿನ ಹುಡುಗಿ ನಗುತ್ತಾಳೆ, ಹೆದರಬೇಡಿ ಅಜ್ಜಿ, ಬೆಟ್ಟದ ಗಾಳಿ, ದಿನಾ ಹೀಗೇ, ದಿನಾ ಹೀಗೇನಾ, ನನ್ನ ತೊಟ್ಟಿಲು ಕೆಳಗಿದೆ ಕಣೇ, ವಿಮಾನದ ಹೊಟ್ಟೇಲಿ, ಖಾಲಿ ತೊಟ್ಟಿಲು, ಒಳಗೆ ಬಿಡಲ್ಲ ಅಂತ ಕಿತ್ಕೊಂಡ್ರು, ಹುಡುಗಿಯ ನಗು ನಿಂತಿತು, ಅಯ್ಯೋ ಅಜ್ಜಿ, ಒಂದು ರೊಟ್ಟಿನಾದ್ರೂ ಇಡಬಾರದಿತ್ತಾ ಅದರೊಳಗೆ — ನೋಡು, ಉಗುರಿಗೆ ನೀಲಿ ಬಣ್ಣ ಹಚ್ಚಿದ ಇವಳಿಗೂ ಗೊತ್ತು, ನನಗೆ ಹೊಳೆಯಲಿಲ್ಲ, ಆಕಾಶವನ್ನು ನಂಬಿ ಒಂದು ಚಿಂದಿ ಬಟ್ಟೆಯನ್ನೂ ಇಡಲಿಲ್ಲ, ಈಗ ಕತ್ತಲಲ್ಲಿ ಪೆಟ್ಟಿಗೆಗಳ ನಡುವೆ ಅದು ಎಡಕ್ಕೆ, ಬಲಕ್ಕೆ, ತಾನೇ ತಾನಾಗಿ, ಪೆರಿಜಾತ್ ಮಲಗಿದ್ದ ತೊಟ್ಟಿಲು, ಕೂಸನ್ನು ಕಟ್ಟುವ ಬಟ್ಟೆಪಟ್ಟಿಗಳನ್ನು ಎಷ್ಟು ಬಿಗಿದರೂ ಒಂದು ಕಾಲು ಹೊರಗೆ ಹಾಕುತ್ತಿದ್ದಳು ಕಳ್ಳಿ, ಬಿಷ್ಕೆಕ್‌ನಲ್ಲಿ ಇನ್ನು ಬೀಗಿತಿ ಬಾಗಿಲಲ್ಲೇ ಕೇಳುತ್ತಾಳೆ, ದಾರೀಲಿ ತೂಗಲಿಲ್ಲ ತಾನೇ ಬೀಗ್ತಿ, ಸುಳ್ಳು ಹೇಳಲೇ, ನನ್ನ ಮುಖ ಸುಳ್ಳು ಹೊರುವ ಮುಖವಲ್ಲ, ಮುದುಕ ಕುರಿಯ ಕೊರಳು ತಬ್ಬಿಕೊಂಡು ನಗುತ್ತಾನೆ, ಗುಂಡಿ ಇತ್ತೇನೇ ಮೇಲೆ — ನೆಲ ತಾಗಿತು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ನಾನು ಬೆಲ್ಟ್ ಕಿತ್ತು ಎದ್ದೆ, ಓಡಿದೆ, ಸಾಮಾನು ಬರುವ ಕಡೆ ಕಪ್ಪು ಪಟ್ಟಿ ತಿರುಗುತ್ತಿದೆ, ಚೀಲ, ಪೆಟ್ಟಿಗೆ, ಸುತ್ತಿದ ಜಮಖಾನ, ರಬ್ಬರ್ ಪರದೆ ಸರಿಸಿಕೊಂಡು ನನ್ನ ತೊಟ್ಟಿಲು, ಅದರೊಳಗೆ — ಯಾರೋ ಇದ್ದಾರೆ, ಹಳದಿಯಾಗಿ, ದಪ್ಪಗೆ, ಉದ್ದಕ್ಕೆ ಮಲಗಿದ್ದಾರೆ, ಕರಬೂಜ, ಕರಬೂಜದ ಹಣ್ಣು, ಪಟ್ಟಿಗಳನ್ನು ಕತ್ತಿನವರೆಗೆ ಬಿಗಿದು ಪಕ್ಕಕ್ಕೆ ಗಂಟು ಹಾಕಿದೆ, ತಾಯಂದಿರು ಹಾಕುವ ಹಾಗೆ, ಓಶ್‌ನಲ್ಲಿ ಸಾಮಾನು ಹೇರಿದವನೇ ಇರಬೇಕು, ಮಕ್ಕಳೊಂದಿಗ, ಖಾಲಿ ತೊಟ್ಟಿಲು ಕಂಡು ತಡೆಯಲಾರದೆ ಕೈಗೆ ಸಿಕ್ಕ ಕೂಸನ್ನು ಮಲಗಿಸಿದ, ನಗು ಉಕ್ಕಿ ಕಣ್ಣಲ್ಲಿ ನೀರು, ಹಿಂದಿನಿಂದ ಒಬ್ಬ ಅಜ್ಜ, ಏಯ್, ನನ್ನ ಹಣ್ಣು ಬಲೆಚೀಲದಿಂದ ತೆಗೆದೋರ್ಯಾರು, ಮುಟ್ಟಬೇಡಿ ಅಣ್ಣಾ, ಕೂಸು ಬರೋವರೆಗೂ ಎತ್ತೋ ಹಾಗಿಲ್ಲ, ನೀವೂ ಬನ್ನಿ ಹಬ್ಬಕ್ಕೆ, ಕುರಿ ಕಡೀತೀವಿ, ಕುರೀನಾ, ಹಾಗಾದ್ರೆ ಮಲಗಿರಲಿ ಬಿಡಮ್ಮ, ಎಬ್ಬಿಸಬೇಡ, ಸುತ್ತ ಎಲ್ಲರೂ ನಗುತ್ತಿದ್ದಾರೆ, ನಗುತ್ತ ನಗುತ್ತ ಹಿಡಿಯುವುದನ್ನೇ ಮರೆತೆ, ತೊಟ್ಟಿಲು ನಮ್ಮೆದುರು ಹಾದು ಇನ್ನೊಂದು ಸುತ್ತಿಗೆ ಹೊರಟಿತು, ಕತ್ತಿನವರೆಗೆ ಬಿಗಿಸಿಕೊಂಡ ಹಳದಿ ಹಣ್ಣು, ಒಣ ತೊಟ್ಟು ಮೂಗಿನ ಹಾಗೆ ಮೇಲಕ್ಕೆ, ಎಡಕ್ಕೆ, ಬಲಕ್ಕೆ, ತೂಗುತ್ತ